ರಾಜ್ಯ ಗೆದ್ದರೆ ದಿಲ್ಲಿಯಲ್ಲಿ ಏನು ಬದಲಾಗುತ್ತದೆ? ಉತ್ತರ ಕನ್ನಡದ ಲೆಕ್ಕ ಹಿಡಿದು ಒಂದು ಪ್ರಶ್ನೆ

ಕಾಳಿದಂಡೆ (ಕಾರವಾರ):

ಎಲ್ಲರಿಗೂ ನಮಸ್ಕಾರ. 2023ರ ಮೇ 13ರಂದು ವಿಧಾನಸಭೆ ಫಲಿತಾಂಶ ಬಂದಾಗ ಕಾಂಗ್ರೆಸ್‌ಗೆ 135, ಬಿಜೆಪಿಗೆ 66, ಜೆಡಿಎಸ್‌ಗೆ 19 ಸ್ಥಾನ. ನಮ್ಮ ಜಿಲ್ಲೆಯ ಆರರಲ್ಲಿ ಹಳಿಯಾಳ, ಕಾರವಾರ, ಭಟ್ಕಳ, ಶಿರಸಿ ಕಾಂಗ್ರೆಸ್‌ಗೆ ಹೋದವು. ಕುಮಟಾ, ಯಲ್ಲಾಪುರ ಮಾತ್ರ ಬಿಜೆಪಿಗೆ ದಕ್ಕಿದವು. ದೇಶದ ರಾಜಕಾರಣದ ಗಾಳಿಯೇ ತಿರುಗಿತು ಎಂದು ಆಗ ಎಲ್ಲ ಕಡೆ ಮಾತಿತ್ತು.

ವರ್ಷ ತುಂಬುವುದರೊಳಗೆ, 2024ರ ಮೇ 7ರಂದು, ಇದೇ ಮತದಾರರು ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿಯವರನ್ನು 3,37,428 ಮತಗಳ ಅಂತರದಲ್ಲಿ ಲೋಕಸಭೆಗೆ ಕಳಿಸಿದರು. ಹಿಂದಿನ ವರ್ಷ ಶಿರಸಿಯಲ್ಲಿ 8,712 ಮತಗಳಿಂದ ಸೋತವರೂ ಅವರೇ.

ಹಾಗಾದರೆ ರಾಜ್ಯದ ಗೆಲುವು ದಿಲ್ಲಿಗೆ ಮುಟ್ಟುವುದು ಯಾವ ದಾರಿಯಲ್ಲಿ? ಅಭಿಪ್ರಾಯ ಬೇಡ, ಲೆಕ್ಕ ಬೇಕು. ಜೊತೆಗೆ ಇನ್ನೆರಡು ಪ್ರಶ್ನೆ. 2024ರ ಫೆಬ್ರುವರಿಯ ರಾಜ್ಯಸಭೆ ಚುನಾವಣೆಯಲ್ಲಿ ಯಲ್ಲಾಪುರದ ಶಾಸಕರು ಗೈರಾಗಿದ್ದಕ್ಕೇ ಕಾಂಗ್ರೆಸ್‌ಗೆ ಮೂರನೇ ಸ್ಥಾನ ಸಿಕ್ಕಿತು ಎನ್ನುತ್ತಾರೆ, ಹೌದೇ? ಮತ್ತೆ, ನಮ್ಮ ಮತಗಟ್ಟೆಯಲ್ಲಿ ಎರಡು ಚುನಾವಣೆಗಳ ನಡುವೆ ಮತ ಎಷ್ಟು ಆಚೀಚೆ ಆಯಿತು ಎಂದು ನಾವೇ ನೋಡಿಕೊಳ್ಳುವುದು ಹೇಗೆ?

---

ಬನವಾಸಿರಸ್ತೆ (ಶಿರಸಿ):

ರಾಜ್ಯಸಭೆಯಿಂದಲೇ ಹಿಡಿಯೋಣ. ರಾಜ್ಯದ ಫಲಿತಾಂಶ ನೇರವಾಗಿ ಸಂಸತ್ತಿನೊಳಗೆ ಹೋಗುವ ಬಾಗಿಲು ಅದೊಂದೇ.

ಕರ್ನಾಟಕಕ್ಕೆ ರಾಜ್ಯಸಭೆಯಲ್ಲಿ 12 ಸ್ಥಾನ. ಒಬ್ಬೊಬ್ಬರಿಗೆ ಆರು ವರ್ಷ, ಎರಡು ವರ್ಷಕ್ಕೊಮ್ಮೆ ನಾಲ್ಕು ಸ್ಥಾನ ತೆರವು. ಮತ ಹಾಕುವವರು ಶಾಸಕರು. ಒಬ್ಬ ಶಾಸಕನ ಮತಕ್ಕೆ 100 ಮೌಲ್ಯ. ಚಲಾವಣೆಯಾದ ಒಟ್ಟು ಮೌಲ್ಯವನ್ನು ಸ್ಥಾನಗಳ ಸಂಖ್ಯೆಗಿಂತ ಒಂದು ಹೆಚ್ಚಿಗೆಯಿಂದ ಭಾಗಿಸಿ, ಬಂದದ್ದಕ್ಕೆ ಒಂದು ಕೂಡಿಸಿದರೆ ಗೆಲ್ಲಲು ಬೇಕಾದ ಕೋಟಾ. 2024ರ ಫೆಬ್ರುವರಿ 27ರಂದು ಮತ ಹಾಕಿದವರು 222 ಮಂದಿ. 22,200ನ್ನು 5ರಿಂದ ಭಾಗಿಸಿದರೆ 4,440, ಒಂದು ಕೂಡಿಸಿದರೆ 4,441. ಅಂದರೆ 44 ಮತ ಸಾಲದು, 45 ಬೇಕು.

ಬಂದ ಮತ ಇಷ್ಟು: ಕಾಂಗ್ರೆಸ್‌ನ ಅಜಯ್ ಮಾಕನ್ 47, ನಾಸಿರ್ ಹುಸೇನ್ 47, ಜಿ.ಸಿ. ಚಂದ್ರಶೇಖರ್ 45, ಬಿಜೆಪಿಯ ನಾರಾಯಣಸಾ ಭಾಂಡಗೆ 47, ಜೆಡಿಎಸ್‌ನ ಕುಪೇಂದ್ರ ರೆಡ್ಡಿ 36.

ಈಗ ನಿಮ್ಮ ಯಲ್ಲಾಪುರದ ಪ್ರಶ್ನೆ. ಸುರಪುರದ ಶಾಸಕರು ಎರಡು ದಿನ ಮೊದಲು ತೀರಿಕೊಂಡಿದ್ದರಿಂದ ಕಾಂಗ್ರೆಸ್ ಬಳಿ ಇದ್ದದ್ದು 134. ಪಕ್ಷೇತರರು ಮತ್ತು ಸಣ್ಣ ಪಕ್ಷದವರು ಒಟ್ಟು ನಾಲ್ವರು ಕೂಡಿ 138. ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಅಡ್ಡಮತ ಹಾಕಿದ್ದರಿಂದ 139. ಮೂವರನ್ನು ಗೆಲ್ಲಿಸಲು ಬೇಕಿದ್ದದ್ದು 135. ಅತ್ತ ಬಿಜೆಪಿಯ 66, ಜೆಡಿಎಸ್‌ನ 19 ಪೂರ್ತಿ ಕೂಡಿದರೂ 85. ಇಬ್ಬರನ್ನು ಗೆಲ್ಲಿಸಲು 90 ಬೇಕು. ಯಲ್ಲಾಪುರದ ಶಿವರಾಮ ಹೆಬ್ಬಾರರು ಹೋಗಿ ಮತ ಹಾಕಿದ್ದರೂ, ಸೋಮಶೇಖರ್ ಅಡ್ಡಮತ ಹಾಕದಿದ್ದರೂ 138 ಮತ್ತು 85ರ ಲೆಕ್ಕವೇ ಆಗುತ್ತಿತ್ತು, ಫಲಿತಾಂಶ ಇದೇ ಬರುತ್ತಿತ್ತು. ನಿಜಕ್ಕೂ ನಿರ್ಣಾಯಕವಾದದ್ದು ಆ ನಾಲ್ವರ ಮತ. ಅವರು ಅತ್ತ ಕಡೆ ಮತ ಹಾಕಿ ಕಾಂಗ್ರೆಸ್‌ಗೆ 134 ಮಾತ್ರ ಉಳಿದಿದ್ದರೆ ಮೂರನೆಯವರಿಗೆ 44, ಅಲ್ಲಿಂದ ಮುಂದೆ ಎರಡನೇ ಪ್ರಾಶಸ್ತ್ಯದ (ಚೀಟಿಯಲ್ಲಿ 2 ಎಂದು ಬರೆದ) ಮತಗಳ ಗುದ್ದಾಟ. ಹೆಬ್ಬಾರರ ಗೈರಿನ ಪರಿಣಾಮ ಪಕ್ಷದ ಒಳಗೆ ಆಯಿತು: 2025ರ ಮೇ ತಿಂಗಳಲ್ಲಿ ಇಬ್ಬರನ್ನೂ ಬಿಜೆಪಿ ಆರು ವರ್ಷ ಉಚ್ಚಾಟಿಸಿತು. ರಾಜ್ಯಸಭೆಯ ಮತಕ್ಕೆ ಪಕ್ಷಾಂತರ ನಿಷೇಧ ಕಾಯ್ದೆ ಅನ್ವಯಿಸುವುದಿಲ್ಲ, ಹಾಗಾಗಿ ಅಡ್ಡಮತ ಹಾಕಿದ ಮಾತ್ರಕ್ಕೆ ಶಾಸಕ ಸ್ಥಾನ ಹೋಗುವುದಿಲ್ಲ.

ಮತದಾನ ನಡೆಯುವ ರೀತಿಯನ್ನೂ ಹೇಳುತ್ತೇನೆ, ಮತ ಕೆಡುವುದು ಅಲ್ಲಿಯೇ. ಆಯೋಗ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಲ್ಲೇ ಹೆಸರಿನ ಎದುರು 1, 2 ಎಂದು ಬರೆಯಬೇಕು. ಸ್ವಂತ ಪೆನ್ ಬಳಸಿದರೆ ಮತ ಅಸಿಂಧು. ಪಕ್ಷದ ಶಾಸಕ ಪೆಟ್ಟಿಗೆಗೆ ಹಾಕುವ ಮೊದಲು ತನ್ನ ಪಕ್ಷದ ಅಧಿಕೃತ ಏಜೆಂಟ್‌ಗೆ ಚೀಟಿ ತೋರಿಸಬೇಕು, ಬೇರೆ ಯಾರಿಗೂ ತೋರಿಸುವ ಹಾಗಿಲ್ಲ. 2017ರ ಆಗಸ್ಟ್‌ನಲ್ಲಿ ಗುಜರಾತ್‌ನಲ್ಲಿ ಇಬ್ಬರು ಕಾಂಗ್ರೆಸ್ ಶಾಸಕರು ಹೊರಗಿನವರಿಗೆ ತೋರಿಸಿದ್ದಕ್ಕೆ ಆ ಎರಡು ಮತ ರದ್ದಾದವು. ಕೋಟಾ ಇಳಿಯಿತು, ಅಹ್ಮದ್ ಪಟೇಲ್ ಗೆದ್ದರು.

ಇನ್ನು ಹೆಚ್ಚಿನವರ ಗಮನಕ್ಕೆ ಬಾರದ ಮಾತು. 2024ರಲ್ಲಿ ತೆರವಾದದ್ದು 2018ರಲ್ಲಿ ತುಂಬಿದ ನಾಲ್ಕು ಸ್ಥಾನ. ಆಗಲೂ ಕಾಂಗ್ರೆಸ್‌ಗೆ ಮೂರು, ಬಿಜೆಪಿಗೆ ಒಂದೇ ಇತ್ತು. ಅಂದರೆ 2023ರ ಅಷ್ಟು ದೊಡ್ಡ ಗೆಲುವು 2024ರಲ್ಲಿ ರಾಜ್ಯಸಭೆಗೆ ಒಂದೇ ಒಂದು ಹೊಸ ಸ್ಥಾನವನ್ನೂ ಕೂಡಿಸಲಿಲ್ಲ, ಇದ್ದದ್ದನ್ನು ಉಳಿಸಿತು ಅಷ್ಟೇ. ಲಾಭಕ್ಕೆ ಜಾಗ ಇರುವುದು 2020ರ ತಂಡದಲ್ಲಿ. ಅದರಲ್ಲಿ ಬಿಜೆಪಿಗೆ ಎರಡು, ಕಾಂಗ್ರೆಸ್‌ಗೆ ಒಂದು, ಜೆಡಿಎಸ್‌ಗೆ ಒಂದು (ದೇವೇಗೌಡರು), ಅವಧಿ 2026ರ ಜೂನ್‌ವರೆಗೆ. 2022ರಲ್ಲಿ ಬಿಜೆಪಿ ಗೆದ್ದ ಮೂರು ಸ್ಥಾನ, ನಿರ್ಮಲಾ ಸೀತಾರಾಮನ್ ಅವರದ್ದೂ ಸೇರಿ, ತೆರವಾಗುವುದು 2028ರ ಜೂನ್ ಕೊನೆಗೆ. ಅಷ್ಟರಲ್ಲಿ ಈ ವಿಧಾನಸಭೆಯ ಅವಧಿಯೇ ಮುಗಿದಿರುತ್ತದೆ. ಐದು ವರ್ಷದ ಸದನಕ್ಕೆ ಈ ಸಲ ಸಿಗುವುದು ಎರಡೇ ಕಂತು. ಗೆದ್ದ ಮರುದಿನವೇ ರಾಜ್ಯಸಭೆ ಕೈಗೆ ಬಂತು ಎಂದು ಬರೆಯುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

---

ಅಘನಾಶಿನಿ (ಕುಮಟಾ):

ಬನವಾಸಿರಸ್ತೆಯವರ ಲೆಕ್ಕ ಒಪ್ಪಿದೆ. ಆದರೆ "ರಾಜ್ಯಸಭೆಯೊಂದೇ ಬಾಗಿಲು" ಅನ್ನುವುದನ್ನು ಒಪ್ಪಲಾರೆ. ಪಕ್ಷಗಳು ಯಾರ ಪಕ್ಕ ಕೂರುತ್ತವೆ ಅನ್ನುವುದೂ ಒಂದು ಬಾಗಿಲು, ಅದು ಬೇಗ ತೆರೆಯುತ್ತದೆ.

2023ರ ಮೇ ಫಲಿತಾಂಶದ ಎರಡೇ ತಿಂಗಳಿಗೆ, ಜುಲೈ 17 ಮತ್ತು 18ರಂದು, ವಿರೋಧ ಪಕ್ಷಗಳು ಬೆಂಗಳೂರಿನಲ್ಲಿ ಸೇರಿ ಕೂಟಕ್ಕೆ 'ಇಂಡಿಯಾ' ಎಂದು ಹೆಸರಿಟ್ಟವು. ಆತಿಥ್ಯ ವಹಿಸಿದ್ದು ಆಗಷ್ಟೇ ರಾಜ್ಯ ಗೆದ್ದ ಪಕ್ಷ, ಆದ್ದರಿಂದ ಕೂಟದೊಳಗೆ ಅದರ ಮಾತಿಗೆ ತೂಕ ಬಂತು. 19ಕ್ಕೆ ಇಳಿದ ಜೆಡಿಎಸ್ ಅದೇ ಸೆಪ್ಟೆಂಬರ್‌ನಲ್ಲಿ ಎನ್‌ಡಿಎ ಸೇರಿತು. 2024ರ ಲೋಕಸಭೆಯಲ್ಲಿ ಬಿಜೆಪಿ ಅದಕ್ಕೆ ಹಾಸನ, ಮಂಡ್ಯ, ಕೋಲಾರ ಬಿಟ್ಟುಕೊಟ್ಟಿತು, ಅದರಲ್ಲಿ ಜೆಡಿಎಸ್ ಎರಡು ಗೆದ್ದಿತು, ಕುಮಾರಸ್ವಾಮಿ ಕೇಂದ್ರದಲ್ಲಿ ಉಕ್ಕು ಮತ್ತು ಬೃಹತ್ ಕೈಗಾರಿಕೆ ಸಚಿವರಾದರು. ವಿಧಾನಸಭೆಯ ಸೋಲು ಆ ಪಕ್ಷವನ್ನು ದಿಲ್ಲಿ ಸಂಪುಟಕ್ಕೆ ಒಯ್ದ ದಾರಿ ಇದು.

ಮತದಾರರ ಮಟ್ಟದಲ್ಲಿ ಪರಿಣಾಮವೇ ಇಲ್ಲ ಅನ್ನುವುದೂ ತಪ್ಪು, ಅದು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. 2019ರಲ್ಲಿ ರಾಜ್ಯದ 28ರಲ್ಲಿ ಬಿಜೆಪಿಗೆ 25, ಕಾಂಗ್ರೆಸ್‌ಗೆ ಒಂದೇ ಒಂದು. 2024ರಲ್ಲಿ ಬಿಜೆಪಿ 17, ಕಾಂಗ್ರೆಸ್ 9. ಆ ಒಂಬತ್ತರಲ್ಲಿ ಐದು ಕಲ್ಯಾಣ ಕರ್ನಾಟಕದವು: ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಅಲ್ಲಿ ವಿಧಾನಸಭೆಯ ಬಲ ಲೋಕಸಭೆಗೂ ಉಳಿಯಿತು. ನಮ್ಮ ಜಿಲ್ಲೆಯಲ್ಲಿ ಉಳಿಯಲಿಲ್ಲ. ದೇಶದ ಮಟ್ಟದಲ್ಲಿ ಬಿಜೆಪಿ 240ಕ್ಕೆ ನಿಂತು, 272ಕ್ಕೆ 32 ಕಡಿಮೆ ಬಿತ್ತು. ಕರ್ನಾಟಕದಲ್ಲಿ ಇಳಿದ ಎಂಟನ್ನು ಆ 32ರ ಪಕ್ಕ ಇಟ್ಟು ನೋಡಿ. ಆ ಎಂಟರಲ್ಲಿ ಒಂದು, ಕೋಲಾರ, ಮಿತ್ರಪಕ್ಷಕ್ಕೆ ಬಿಟ್ಟುಕೊಟ್ಟದ್ದು ಎಂಬುದನ್ನೂ ಮರೆಯಬಾರದು.

ನಮ್ಮ ಜಿಲ್ಲೆಯವರಿಗೆ ಈ ಎರಡು ತಕ್ಕಡಿಯ ಮತ ಹೊಸದೇನಲ್ಲ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು, ಜನತಾ ಪಕ್ಷಕ್ಕೆ ಆಗ 95 ಸ್ಥಾನ. 1984ರ ಡಿಸೆಂಬರ್‌ನ ಲೋಕಸಭೆ ಚುನಾವಣೆಯಲ್ಲಿ ಕಾಂಗ್ರೆಸ್ 28ರಲ್ಲಿ 24 ಬಾಚಿಕೊಂಡಿತು. ಜನರ ವಿಶ್ವಾಸ ಹೋಯಿತು ಎಂದು ಹೆಗಡೆ ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಕೊಟ್ಟರು. ಮೂರು ತಿಂಗಳ ಅಂತರ ಅಷ್ಟೇ. ದಿಲ್ಲಿಗೆ ಒಬ್ಬರು, ಬೆಂಗಳೂರಿಗೆ ಇನ್ನೊಬ್ಬರು ಎಂದು ಜನ ವಿವೇಚಿಸಿಯೇ ಮತ ಹಾಕುತ್ತಾರೆ. ಇದನ್ನು ಗೊಂದಲ ಎಂದು ಕರೆಯುವುದು ಮತದಾರರಿಗೆ ಮಾಡುವ ಅನ್ಯಾಯ.

ಉಲ್ಟಾ ಉದಾಹರಣೆಯೂ ಇದೆ. 1994ರಲ್ಲಿ ಜನತಾ ದಳ 115 ಸ್ಥಾನ ಗೆದ್ದಿತು, 1996ರ ಲೋಕಸಭೆಗೆ ರಾಜ್ಯದಿಂದಲೇ 16 ಮಂದಿಯನ್ನು ಕಳಿಸಿತು, ಜೂನ್ 1ರಂದು ದೇವೇಗೌಡರು ಪ್ರಧಾನಿ. ಅಲ್ಲಿ ಗೆಲುವು ನೇರವಾಗಿ ಮೇಲಕ್ಕೆ ಹೋಯಿತು, ಏಕೆಂದರೆ ದಿಲ್ಲಿಯಲ್ಲಿ ಯಾರಿಗೂ ಬಹುಮತ ಇರಲಿಲ್ಲ.

---

ಕಾಳಿದಂಡೆ (ಕಾರವಾರ):

ಇಬ್ಬರಿಗೂ ಧನ್ಯವಾದ. 2024ಕ್ಕೆ ಹೊಸ ಸ್ಥಾನವೇ ಕೂಡಲಿಲ್ಲ ಅನ್ನುವುದು ನನಗೆ ಹೊಳೆದಿರಲಿಲ್ಲ. ರಾಷ್ಟ್ರಪತಿ ಚುನಾವಣೆ ಮತ್ತು ಜಿಎಸ್‌ಟಿ ಮಂಡಳಿ? ಮತಗಟ್ಟೆ ಲೆಕ್ಕವನ್ನೂ ಯಾರಾದರೂ ಬಿಡಿಸಿ ಹೇಳಿ.

---

ಘಟ್ಟದಮೇಲೆ (ಯಲ್ಲಾಪುರ):

ಮೊದಲಿನ ಎರಡನ್ನು ಬೇಗ ಮುಗಿಸುತ್ತೇನೆ. ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕನ ಮತಕ್ಕೆ 131 ಮೌಲ್ಯ. 1971ರ ಜನಗಣತಿಯ 2,92,99,014 ಜನಸಂಖ್ಯೆಯನ್ನು 224ರಿಂದಲೂ ಮತ್ತೆ 1,000ದಿಂದಲೂ ಭಾಗಿಸಿ ಬಂದದ್ದು ಅದು. 224 ಮಂದಿಗೆ ಒಟ್ಟು 29,344. 2022ರಲ್ಲಿ ಸಂಸದರ ಮತದ ಮೌಲ್ಯ 700 ಇತ್ತು, ಹಾಗಾಗಿ ನಮ್ಮ ಇಡೀ ವಿಧಾನಸಭೆ ಸುಮಾರು 42 ಸಂಸದರಿಗೆ ಸಮ. ಈಗಿನ ರಾಷ್ಟ್ರಪತಿಗಳ ಅವಧಿ 2027ರ ಜುಲೈವರೆಗೆ ಇರುವುದರಿಂದ ಈ ಸದನಕ್ಕೆ ಒಂದು ಅವಕಾಶ ಇದೆ. ಉಪರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರಿಗೆ ಮತವೇ ಇಲ್ಲ, ಅದನ್ನು ಇದರ ಜೊತೆ ಸೇರಿಸಿ ಹೇಳುವವರು ಬಹಳ.

ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರರಲ್ಲಿ ಒಂದು ಪಾಲು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರರಲ್ಲಿ ಎರಡು ಪಾಲು. ನಿರ್ಣಯ ಪಾಸಾಗಲು ನಾಲ್ಕರಲ್ಲಿ ಮೂರು ಪಾಲು ಬೇಕು. ಶಾಸನಸಭೆ ಇರುವ ಕೇಂದ್ರಾಡಳಿತ ಪ್ರದೇಶಗಳೂ ಸೇರಿ 31 ಸದಸ್ಯರು, ಎಲ್ಲರಿಗೂ ಒಂದೇ ತೂಕ, ಕರ್ನಾಟಕಕ್ಕೂ ಸಿಕ್ಕಿಂಗೂ ಅಷ್ಟೇ. ಎಲ್ಲರೂ ಮತ ಹಾಕಿದರೆ ಕೇಂದ್ರವನ್ನು ತಡೆಯಲು 12 ರಾಜ್ಯ ಒಟ್ಟಾಗಬೇಕು. ಒಂದು ರಾಜ್ಯ ಗೆದ್ದರೆ ಆ ಹನ್ನೆರಡಕ್ಕೆ ಒಂದು ಕೂಡಿತು, ಅಷ್ಟೇ. ಇಲ್ಲಿಯ ನಿರ್ಣಯಗಳು ಹೆಚ್ಚಾಗಿ ಒಮ್ಮತದಲ್ಲೇ ಆಗುತ್ತವೆ. ಮೊದಲ ಬಾರಿ ಮತಕ್ಕೆ ಹಾಕಿದ್ದು 2019ರ ಡಿಸೆಂಬರ್‌ನಲ್ಲಿ, ಲಾಟರಿ ತೆರಿಗೆ ವಿಷಯಕ್ಕೆ.

ಈಗ ಮತಗಟ್ಟೆ. ಬೇಕಾದದ್ದು ನಮೂನೆ 20, ಅಂದರೆ ಮತಗಟ್ಟೆವಾರು ಅಂತಿಮ ಫಲಿತಾಂಶ ಪಟ್ಟಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ಕಾರವಾರ ವಿಧಾನಸಭೆ ಕ್ಷೇತ್ರದ ಸಂಖ್ಯೆ 77. 2023ರ ವಿಧಾನಸಭೆಯ ಪಟ್ಟಿ ಒಂದು, 2024ರ ಲೋಕಸಭೆಯ ಅಡಿಯಲ್ಲಿ 77ನೇ ಕ್ಷೇತ್ರದ್ದೇ ಪ್ರತ್ಯೇಕ ಪಟ್ಟಿ ಇನ್ನೊಂದು, ಎರಡನ್ನೂ ಇಳಿಸಿಕೊಳ್ಳಿ. ಒಂದೊಂದು ಸಾಲು ಒಂದೊಂದು ಮತಗಟ್ಟೆ. ಅಭ್ಯರ್ಥಿವಾರು ಮತ, ನೋಟಾ, ಒಟ್ಟು ಎಂದು ಕಾಲಂಗಳಿರುತ್ತವೆ. ಪಿಡಿಎಫ್ ಸ್ಕ್ಯಾನ್ ಮಾಡಿದ್ದಾದರೆ ಅಂಕಿಗಳನ್ನು ಕೈಯಲ್ಲೇ ಎಕ್ಸೆಲ್‌ಗೆ ಏರಿಸಬೇಕು. ಪ್ರತಿ ಸಾಲಿನ ಮೊತ್ತವನ್ನು ಪಟ್ಟಿಯ ಮೊತ್ತದ ಜೊತೆ ತಾಳೆ ನೋಡಿದರೆ 3 ಮತ್ತು 8 ಅದಲು ಬದಲಾದದ್ದು ಸಿಕ್ಕಿಬೀಳುತ್ತದೆ.

ಹೋಲಿಕೆ ಹಾಳಾಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಮತಗಟ್ಟೆ ಸಂಖ್ಯೆ ನೋಡಿ ಜೋಡಿಸುವುದು. ಮತದಾರರು ಹೆಚ್ಚಾದ ಕಡೆ ಹೊಸ ಮತಗಟ್ಟೆ ಬರುತ್ತದೆ, ಅಲ್ಲಿಂದ ಕೆಳಗಿನ ಸಂಖ್ಯೆಯೆಲ್ಲ ಒಂದೊಂದು ಸರಿಯುತ್ತದೆ. ಮತಗಟ್ಟೆ ಪಟ್ಟಿಯಲ್ಲಿ ಶಾಲೆಯ ಹೆಸರು, ಕೊಠಡಿ ದಿಕ್ಕು ನೋಡಿ ಜೋಡಿಸಿ, ಒಡೆದ ಮತಗಟ್ಟೆ ಇದ್ದರೆ ಎರಡನ್ನೂ ಕೂಡಿಸಿ. ಅಂಚೆ ಮತವನ್ನು ಮತಗಟ್ಟೆಗಳ ಜೊತೆ ಬೆರೆಸಬೇಡಿ.

ಎರಡನೆಯದು ಇನ್ನೂ ದೊಡ್ಡದು: ಜೆಡಿಎಸ್ ಮತ. 2023ರಲ್ಲಿ ಅದು ಬೇರೆಯಾಗಿ ನಿಂತಿತ್ತು, 2024ರಲ್ಲಿ ಬಿಜೆಪಿ ಜೊತೆಗಿತ್ತು. ಕುಮಟಾ ನೋಡಿ. 2023ರಲ್ಲಿ ಬಿಜೆಪಿಯ ದಿನಕರ ಶೆಟ್ಟಿ ಗೆದ್ದದ್ದು 676 ಮತಗಳಿಂದ, ಎರಡನೆಯವರು ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ, ಕಾಂಗ್ರೆಸ್ ಮೂರನೇ ಸ್ಥಾನ. ಅಲ್ಲಿ ಬಿಜೆಪಿ ಮತವನ್ನಷ್ಟೇ 2024ರ ಜೊತೆ ಹೋಲಿಸಿದರೆ ಭಾರಿ ಅಲೆ ಎದ್ದ ಹಾಗೆ ಕಾಣುತ್ತದೆ. ಎರಡನ್ನೂ ಕೂಡಿಸಿ ಹೋಲಿಸಿದರೆ ಮಾತ್ರ ಜನ ನಿಜವಾಗಿ ಎಷ್ಟು ಸರಿದರು ಎಂದು ತಿಳಿಯುತ್ತದೆ.

ಇನ್ನೊಂದು. 3,37,428 ಎಂಬ ಅಂತರ ನಮ್ಮ ಜಿಲ್ಲೆಯದ್ದಷ್ಟೇ ಅಲ್ಲ. ಲೋಕಸಭಾ ಕ್ಷೇತ್ರದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಸೇರಿ ಎಂಟು ವಿಧಾನಸಭಾ ಕ್ಷೇತ್ರ ಇವೆ. ಕಾಂಗ್ರೆಸ್ ಅಭ್ಯರ್ಥಿ ಅಂಜಲಿ ನಿಂಬಾಳ್ಕರ್ ಕೂಡ 2023ರಲ್ಲಿ ಖಾನಾಪುರದಲ್ಲಿ ಸೋತಿದ್ದವರೇ. ಜಿಲ್ಲೆಯ ಆರಕ್ಕೂ ಲೋಕಸಭೆಯ ಎಂಟಕ್ಕೂ ನೇರ ಹೋಲಿಕೆ ಮಾಡಬೇಡಿ, 76ರಿಂದ 81ರವರೆಗಿನ ಪಟ್ಟಿಗಳನ್ನಷ್ಟೇ ತೆಗೆದುಕೊಳ್ಳಿ. 77ರದ್ದು ಏರಿಸಿ ಮುಗಿದ ಮೇಲೆ ಶೀಟ್ ಇಲ್ಲಿಗೇ ಹಾಕಿ, ಕುಮಟಾದ್ದನ್ನು ಅಘನಾಶಿನಿಯವರು ಮಾಡಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.