ಹಾಡೋಕೆ ಬಾಯಿ ಬರ್ತಿಲ್ಲ, ಆದ್ರೂ ಚರ್ಚಿಗೆ ಹೋಗ್ಬೇಕಾ?

ತುಂಗೆದಂಡೆ:
ಎಲ್ರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಕಡೆ, ಎರಡೆಕರೆ ಅಡಿಕೆ ತೋಟ. ಹೋದ್ ವರ್ಷ ಎಲೆಚುಕ್ಕಿ ರೋಗ, ಈ ವರ್ಷ ಮಳೆ ಬಿಡ್ಲೇ ಇಲ್ಲ, ಎರಡನೇ ಸಲ ಬೋರ್ಡೋ ಔಷಧಿ ಹೊಡ್ಸೋಕೆ ಮರ ಹತ್ತೋ ಕೊನೆಗಾರ ಸಿಗೋ ಅಷ್ಟ್ರಲ್ಲಿ ಕೊಳೆರೋಗ ಬಂದು ಮರದ ಬುಡದಲ್ಲೆಲ್ಲ ಹಸಿಕಾಯಿ. ಅದ್ರ ಮಧ್ಯೆ ಜುಲೈಲಿ ಅಪ್ಪ ಹೋದ್ರು. ಅಮ್ಮ ಒಂದು ಭಾನುವಾರಾನೂ ಪೂಜೆ ತಪ್ಪಿಸಲ್ಲ, ನಾನು ಪಕ್ಕದಲ್ಲಿ ಹಾಡಿನ ಪುಸ್ತಕ ಹಿಡ್ಕೊಂಡು ನಿಂತಿರ್ತೀನಿ ಅಷ್ಟೇ, ಸ್ತುತಿ ಹಾಡು ಶುರುವಾದ್ರೆ ಗಂಟಲು ಕಟ್ಟುತ್ತೆ, ಸುಳ್ಳು ಹೇಳ್ದಂಗೆ ಅನ್ಸುತ್ತೆ. ಇಂಥ ಟೈಮಲ್ಲಿ ಆರಾಧನೆಯಿಂದ ನಿಜವಾಗ್ಲೂ ಯಾರಿಗಾದ್ರೂ ಧೈರ್ಯ ಬಂದಿದ್ಯಾ? "ಎಲ್ಲಾ ದೇವರ ಚಿತ್ತ" ಅಂತ ಮಾತ್ರ ಹೇಳ್ಬೇಡಿ, ಮಣ್ಣಿಗೆ ಬಂದೋರೆಲ್ಲ ಅದನ್ನೇ ಹೇಳಿ ಹೋಗಿದಾರೆ.

ಹೊಸನಗರದೋನು:
ನಾವು ಸಿಎಸ್‌ಐ ಅನ್ನೋ ಪ್ರೊಟೆಸ್ಟೆಂಟ್ ಚರ್ಚಿನೋರು, ನಿಮ್ ಥರ ಕ್ಯಾಥೊಲಿಕ್ ಅಲ್ಲ, ಆದ್ರೆ ತೋಟದ ಕಷ್ಟ ಒಂದೇ. ಬೈಬಲಲ್ಲಿ ಹಬಕ್ಕೂಕ ಅನ್ನೋ ಪ್ರವಾದಿ ಪುಸ್ತಕದ 3ನೇ ಅಧ್ಯಾಯದ ಕೊನೆ ಓದಿ. ಅಂಜೂರ ಚಿಗುರ್ಲಿಲ್ಲ, ದ್ರಾಕ್ಷಿ ಇಲ್ಲ, ಎಣ್ಣೆಮರ ಕೈಕೊಡ್ತು, ಹೊಲದಲ್ಲಿ ಬೆಳೆ ಇಲ್ಲ, ಕೊಟ್ಟಿಗೇಲಿ ದನ ಇಲ್ಲ ಅಂತ ಪುಣ್ಯಾತ್ಮ ಮೊದ್ಲು ಲಾಸನ್ನೆಲ್ಲ ಲೆಕ್ಕ ಹಾಕ್ತಾನೆ, ಆಮೇಲೇನೆ ಆದ್ರೂ ದೇವರಲ್ಲಿ ಸಂತೋಷಪಡ್ತೀನಿ ಅನ್ನೋದು. ನಮ್ಮನೇಲಿ ಅದನ್ನ ಓದುವಾಗ ಅಂಜೂರ ಅನ್ನೋ ಕಡೆ ಅಡಿಕೆ ಅಂತ್ಲೇ ಓದ್ತೀವಿ. ಹಾಂ, ಉದುರಿದ ಕಾಯಿ ಅಲ್ಲೇ ಬಿಡ್ಬೇಡಿ, ಆರಿಸಿ ತೋಟದಿಂದ ಆಚೆ ಹಾಕ್ಸಿ.

ಕತ್ತಲಕೀರ್ತನೆ:
ಅಣ್ಣಾ ಅದು ಸರಿ, ಆದ್ರೆ ಹಬಕ್ಕೂಕ ಕೊನೆಗೆ ಖುಷಿಯಾಗ್ತಾನೆ, ಇವ್ರಿನ್ನೂ ಅಲ್ಲಿಗೆ ಮುಟ್ಟಿಲ್ಲ. ನಾನಾದ್ರೆ ಬೈಬಲಿನ ಕೀರ್ತನೆಗಳಲ್ಲಿ 88ನೇದು ಓದಿ ಅಂತೀನಿ. ಅದು ಕತ್ತಲಲ್ಲೇ ಮುಗಿಯೋದು, ಕೊನೇಲಿ ಒಂದು ಸಮಾಧಾನದ ಮಾತೂ ಇಲ್ಲ. 13ರಲ್ಲಿ "ಇನ್ನೆಷ್ಟು ದಿನ" ಅಂತ ನಾಲ್ಕು ಸಲ ಕೇಳ್ತಾನೆ. ಯೇಸು ಶಿಲುಬೆ ಮೇಲೆ ಯಾಕೆ ಕೈಬಿಟ್ಟೆ ಅಂತ ಕೂಗಿದ್ದೂ 22ನೇ ಕೀರ್ತನೆ ಮೊದಲ್ನೇ ಸಾಲು. ಗಂಟಲು ಕಟ್ಟಿದ್ರೆ ಅದೂ ಪ್ರಾರ್ಥನೇನೆ, ಸುಳ್ಳು ಎಲ್ಲಿಂದ ಬಂತು?

ಲಾಸ್ಟ್‌ಬೆಂಚ್:
ನಾನು ಶಿವಮೊಗ್ಗ. ಮನೆಯವ್ರು ತೀರ್ಕೊಂಡ್ಮೇಲೆ ಎಂಟು ತಿಂಗಳು ಸೇಕ್ರೆಡ್ ಹಾರ್ಟ್ ಚರ್ಚಲ್ಲಿ ಹಿಂದಿನ ಬೆಂಚಲ್ಲಿ ಸುಮ್ನೆ ಕೂತಿದ್ದೆ, ಅಷ್ಟು ದೊಡ್ಡ ಚರ್ಚು, ಅತ್ರೂ ಯಾರಿಗೂ ಕಾಣಲ್ಲ. ಪಕ್ಕದಲ್ಲಿ ಒಬ್ರು ವಯಸ್ಸಾದ ಬಾಯಮ್ಮ, ರಾಗ ಒಂದು ಕಡೆ ಇವ್ರೊಂದು ಕಡೆ, ಆದ್ರೂ ಜೋರಾಗಿ ಹಾಡೋರು. ನನ್ ಪಾಲಿಂದೂ ಇವ್ರೇ ಹಾಡ್ತಿದಾರೆ ಅನ್ಕೊಂಡು ಕೂತಿರ್ತಿದ್ದೆ. ಯಾವಾಗ ಅಂತ ಗೊತ್ತಿಲ್ಲ, ಒಂದಿನ ಫಾದರ್ ಹೇಳಿದ್ದಕ್ಕೆ ಜನ ಉತ್ತರ ಕೊಡುವಾಗ ನನ್ ಬಾಯೂ ಅಲ್ಲಾಡ್ತು. ಅಷ್ಟೇ ಆಗಿದ್ದು, ಪವಾಡ ಏನಿಲ್ಲ. ನೀವು ಅಪ್ಪನ ಹೆಸ್ರಲ್ಲಿ ಒಂದು ಪೂಜೆ ಇಡ್ಸಿ. ನವೆಂಬರ್ 2ಕ್ಕೆ, ತೀರ್ಕೊಂಡೋರನ್ನೆಲ್ಲ ನೆನೆಯೋ ದಿನ, ಸಮಾಧಿಗೆ ಮೊಂಬತ್ತಿ ಹಚ್ಚೋಕೆ ಅಮ್ಮನ ಜೊತೆ ಹೋಗಿ.

ತುಂಗೆದಂಡೆ:
ಥ್ಯಾಂಕ್ಸ್ ಎಲ್ರಿಗೂ. ನಿನ್ನೆ ರಾತ್ರಿ ಕರೆಂಟ್ ಹೋಗಿತ್ತು, ಮೊಬೈಲ್ ಬೆಳಕಲ್ಲಿ ಅಮ್ಮಂಗೆ 88 ಓದಿ ಹೇಳ್ದೆ. "ಇದೇನೋ, ನಿಮ್ಮಪ್ಪ ಜಗಳ ಆಡ್ದಂಗೇ ಇದೆ" ಅಂದ್ರು, ಇಬ್ರೂ ನಕ್ವಿ, ಆಮೇಲೆ ಅತ್ವಿ. ಈ ಭಾನುವಾರ ಹಾಡ್ತೀನೋ ಇಲ್ವೋ ಗೊತ್ತಿಲ್ಲ. ಸಮಾಧಿ ಸುತ್ತ ಮೊಣಕಾಲುದ್ದ ಹುಲ್ಲು ಬೆಳ್ದಿದೆಯಂತೆ, ಆಳಿಗೆ ಹೇಳೋದು ಬೇಡ, ಮಳೆ ನಿಂತ ದಿನ ಕತ್ತಿ ತಗೊಂಡು ನಾನೇ ಹೋಗ್ತೀನಿ.