ಬೆಂಗಳೂರಲ್ಲಿ ಕ್ಲಿಯರ್ ಅಲೈನರ್: 75 ಸಾವಿರಕ್ಕೂ 2.6 ಲಕ್ಷಕ್ಕೂ ಏನು ವ್ಯತ್ಯಾಸ?

ಬಸವನಗುಡಿ_ಬೀದಿ:
ಮಗಳಿಗೆ 24 ವರ್ಷ. ಕೆಳಗಿನ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡಿವೆ, ಮೇಲ್ಗಡೆ ಒಂದು ಕೋರೆಹಲ್ಲು ತಿರುಗಿದೆ. ಕ್ಲಿಪ್ ಬೇಡ, ಅಲೈನರ್ರೇ (ಹಲ್ಲಿನ ಮೇಲೆ ಹಾಕಿ ತೆಗೆಯೋ ಪಾರದರ್ಶಕ ಟ್ರೇ) ಬೇಕು ಅಂತಾಳೆ. ಮೂರು ಕಡೆ ಮೂರು ರೇಟು: 75 ಸಾವಿರ, 1.4 ಲಕ್ಷ, 2.6 ಲಕ್ಷ. ಮೂರೂ ಪ್ಲಾಸ್ಟಿಕ್ ಟ್ರೇನೇ ತಾನೆ? ದುಡ್ಡು ಎಲ್ಲಿಗೆ ಹೋಗುತ್ತೆ, ಆಮೇಲೆ ಇನ್ನೇನು ಖರ್ಚು ಬರುತ್ತೆ?

ದಂತಪಂಕ್ತಿ:
ಒಂದು ಟ್ರೇ ಹಲ್ಲನ್ನು ಸರಿಸೋದು ಸುಮಾರು 0.25 ಮಿ.ಮೀ. ಅಷ್ಟೇ. ಸಣ್ಣ ಕೇಸಿಗೆ 12-14 ಸೆಟ್ ಸಾಕಾದರೆ, ದೊಡ್ಡದಕ್ಕೆ 30 ದಾಟಬಹುದು. ಬೆಂಗಳೂರಲ್ಲಿ ದೇಶಿ ಬ್ರ್ಯಾಂಡುಗಳು ಅಂದಾಜು 60 ಸಾವಿರದಿಂದ 1.5 ಲಕ್ಷ, ಅಮೆರಿಕದ ಇನ್ವಿಸಲೈನ್ 1.5ರಿಂದ 3.5 ಲಕ್ಷ. ಲೋಹದ ಕ್ಲಿಪ್ 35-60 ಸಾವಿರದಲ್ಲಿ ಮುಗಿಯುತ್ತೆ.

ರೇಟು ಹೋಲಿಸೋ ಮೊದಲು ಪ್ಲಾನ್ ಹೋಲಿಸಿ. ಕಡಿಮೆ ರೇಟಿನ ಪ್ಲಾನ್ ಎಷ್ಟೋ ಸಲ ಮುಂದಿನ ಹಲ್ಲುಗಳನ್ನು ಮಾತ್ರ ನೇರ ಮಾಡುತ್ತೆ, ಕಚ್ಚುವಿಕೆಯನ್ನು (ಮೇಲಿನ, ಕೆಳಗಿನ ಹಲ್ಲುಗಳು ಕೂಡೋ ರೀತಿ) ಮುಟ್ಟೋದೇ ಇಲ್ಲ. ಮೇಲೆ ಕೆಳಗೆ ಎಷ್ಟೆಷ್ಟು ಟ್ರೇ, ಎಷ್ಟು ಅಟ್ಯಾಚ್‌ಮೆಂಟ್ (ಟ್ರೇಗೆ ಹಿಡಿತ ಸಿಗಲು ಹಲ್ಲಿಗೆ ಅಂಟಿಸೋ ಪುಟ್ಟ ಉಬ್ಬು), ಜಾಗ ಮಾಡೋಕೆ ಹಲ್ಲುಗಳ ಸಂದಿಯಲ್ಲಿ ಎಷ್ಟು ಉಜ್ಜಿ ಸವೆಸುತ್ತಾರೆ (ಸಾಮಾನ್ಯವಾಗಿ ಒಂದು ಸಂದಿಗೆ 0.2ರಿಂದ 0.5 ಮಿ.ಮೀ.), ಎಷ್ಟು ರಿಫೈನ್‌ಮೆಂಟ್ (ಸರಿಯಾಗದೆ ಉಳಿದದ್ದನ್ನು ತಿದ್ದೋ ಹೊಸ ಟ್ರೇಗಳ ಸುತ್ತು) ಉಚಿತ ಅಂತ ಬರೆಸಿಕೊಳ್ಳಿ.

ನಿಮ್ಮ ಕೇಸಲ್ಲಿ ರಿಫೈನ್‌ಮೆಂಟೇ ಮುಖ್ಯ. ಕೋರೆಹಲ್ಲು ದುಂಡಗಿರೋದರಿಂದ ಟ್ರೇಗೆ ಹಿಡಿತ ಸಿಗಲ್ಲ, ಜಾರುತ್ತೆ. ಕಂಪ್ಯೂಟರಿನ ಪ್ಲಾನಲ್ಲಿ ಪೂರ್ತಿ ತಿರುಗಿದ ಹಲ್ಲು ಬಾಯಲ್ಲಿ ಎಷ್ಟೋ ಸಲ ಅರ್ಧವೇ ತಿರುಗಿರುತ್ತೆ. ಆಗ ಬಾಯೊಳಗೆ ಕ್ಯಾಮೆರಾ ಆಡಿಸಿ ಮತ್ತೆ ಹಲ್ಲಿನ ಸ್ಕ್ಯಾನ್, ಮತ್ತೆ ಹೊಸ ಟ್ರೇ. ಪ್ಯಾಕೇಜಲ್ಲಿ ಇಲ್ಲದಿದ್ದರೆ ಪ್ರತಿ ಸಲ ಹೊಸ ಬಿಲ್ಲು.

ಮಲ್ಲೇಶ್ವರ_8ನೇ_ಅಡ್ಡರಸ್ತೆ:
ಮೇಲಿನ ಖರ್ಚು: ಓಪಿಜಿ (ಇಡೀ ದವಡೆಯ) ಮತ್ತು ಸೆಫ್ (ತಲೆಯ ಪಕ್ಕದ ನೋಟದ) ಎಕ್ಸ್‌ರೇ, ಕ್ಲೀನಿಂಗ್, ಹುಳುಕಿದ್ದರೆ ಫಿಲ್ಲಿಂಗ್, ಕೆಲವರಿಗೆ ಬುದ್ಧಿಹಲ್ಲು ತೆಗೆಸೋದು. ಕೊನೆಗೆ ರಿಟೈನರ್, ಅಂದರೆ ಸರಿಯಾದ ಹಲ್ಲನ್ನು ಅಲ್ಲೇ ಹಿಡಿದಿಡೋ ಸಾಧನ. ಇದನ್ನು ಹಲವು ಕ್ಲಿನಿಕ್ಕುಗಳು ಕೊಟೇಶನ್ನಲ್ಲಿ ಬರೆಯೋದೇ ಇಲ್ಲ. ಒಂದು ಜೊತೆಗೆ ಕೆಲವು ಸಾವಿರ, ಅದೂ ಸವೆದಾಗ ಬದಲಿಸಬೇಕು. ಬಿಟ್ಟರೆ ಹಲ್ಲು ಹಳೇ ಜಾಗಕ್ಕೇ ವಾಪಸ್. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ತೆಳು ತಂತಿ ಅಂಟಿಸೋ ರಿಟೈನರ್ ನಿಮ್ಮ ಮಗಳಿಗೆ ಒಳ್ಳೇದು.

ಇನ್ನು ಆ ‘ನೋ ಕಾಸ್ಟ್ ಇಎಂಐ’. ಅದು ಎಷ್ಟೋ ಕಡೆ ಫೈನಾನ್ಸ್ ಕಂಪನಿಯಿಂದ ನಿಮ್ಮ ಹೆಸರಲ್ಲಿ ತೆಗೆದ ಸಾಲ. ಚಿಕಿತ್ಸೆ ಅರ್ಧಕ್ಕೆ ನಿಂತರೂ ಕಂತು ತಾನಾಗಿ ನಿಲ್ಲಲ್ಲ. ಸಾಧ್ಯವಾದರೆ ಕ್ಲಿನಿಕ್ಕಿಗೇ ಹಂತ ಹಂತವಾಗಿ ಕಟ್ಟಿ.

ಟ್ರೇ_ಪೆಟ್ಟಿಗೆ:
ಬ್ರ್ಯಾಂಡಿಗಿಂತ ಪ್ಲಾನ್ ತಿದ್ದೋ ಡಾಕ್ಟರ್ ಮುಖ್ಯ. ಆರ್ಥೊಡಾಂಟಿಕ್ಸಲ್ಲಿ (ಹಲ್ಲು ನೇರ ಮಾಡೋ ವಿಭಾಗ) ಎಂಡಿಎಸ್, ಅಂದರೆ ದಂತವೈದ್ಯಕೀಯದ ಸ್ನಾತಕೋತ್ತರ ಪದವಿ, ಮಾಡಿದವರಾ ಕೇಳಿ. ಎಕ್ಸ್‌ರೇ ಇಲ್ಲದೆ ಬರೀ ಸ್ಕ್ಯಾನ್ ನೋಡಿ ಶುರು ಮಾಡೋರ ಹತ್ತಿರ ಹೋಗಲೇಬೇಡಿ. ಒಸಡಿನ ಕೆಳಗಿನ ಮೂಳೆ ಸ್ಕ್ಯಾನಲ್ಲಿ ಕಾಣಲ್ಲ. ಮನೆಗೆ ಕಿಟ್ ಕಳಿಸೋ ವ್ಯಾಪಾರದ ಗತಿ ಅಮೆರಿಕದಲ್ಲಿ ನೋಡಿದ್ದೇವೆ: ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಲ್ಲಿ ಬಾಗಿಲು ಹಾಕಿದಾಗ ಗ್ರಾಹಕರು ನಡುನೀರಲ್ಲಿ ಉಳಿದರು.

ದಿನಕ್ಕೆ 20-22 ಗಂಟೆ ಹಾಕಲೇಬೇಕು. ಟ್ರೇ ಹಾಕಿಕೊಂಡೇ ಬಿಸಿ ಕಾಫಿ ಕುಡಿದರೆ ಅದು ಸೊಟ್ಟಗಾಗುತ್ತೆ, ಬಿಸಿನೀರಲ್ಲಿ ತೊಳೆದರೂ ಅಷ್ಟೇ. ಹಲ್ಲಿನ ತುದಿಗೂ ಟ್ರೇಗೂ ನಡುವೆ ಸಂದು ಕಂಡರೆ ಮುಂದಿನ ಟ್ರೇಗೆ ಹೋಗಬೇಡಿ. ಅದೇ ಟ್ರೇ ಇನ್ನೂ ಕೆಲವು ದಿನ ಹಾಕಿ, ಚ್ಯೂಯಿ (ಟ್ರೇ ಸರಿಯಾಗಿ ಕೂರಲು ಕಚ್ಚೋ ಮೆತ್ತನೆ ತುಂಡು) ಕಚ್ಚಲಿ. ಆಗಲೂ ಕೂರದಿದ್ದರೆ ಡಾಕ್ಟರಿಗೆ ಫೋಟೋ ಕಳಿಸಿ.

ಬಸವನಗುಡಿ_ಬೀದಿ:
ಹಾಗಾದರೆ ಕ್ಲಿಪ್ಪೇ ವಾಸಿ ಅಂತೀರಾ?

ದಂತಪಂಕ್ತಿ:
ಬರೀ ದುಡ್ಡಿನ ಲೆಕ್ಕಕ್ಕಾದರೆ ಹೌದು. ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಕಾರಿ ದಂತ ಕಾಲೇಜಲ್ಲಿ ಇನ್ನೂ ಅಗ್ಗ, ಆದರೆ ಕಾಯಬೇಕು. ನಡುದಾರಿಯೂ ಇದೆ: ಆ ಕೋರೆಹಲ್ಲಿನ ಭಾಗಕ್ಕೆ ಮಾತ್ರ ಕೆಲವು ತಿಂಗಳು ಕ್ಲಿಪ್ ಹಾಕಿ ತಿರುಗಿಸಿ, ಉಳಿದದ್ದಕ್ಕೆ ಅಲೈನರ್. ಟ್ರೇ ಸಂಖ್ಯೆ ಇಳಿಯಬಹುದು, ರಿಫೈನ್‌ಮೆಂಟ್ ತಾಪತ್ರಯವೂ ಕಮ್ಮಿ. 1.4 ಲಕ್ಷ ಹೇಳಿದ ಡಾಕ್ಟರನ್ನ ಇದಕ್ಕೆ ಎಷ್ಟಾಗುತ್ತೆ ಅಂತ ಕೇಳಿ ನೋಡಿ.