ಪರದೇಶದಲ್ಲಿ ಸೇವೆ, ಊಟದ ಮೇಜಿನಲ್ಲಿ ರಾಜಕೀಯ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ಓದುಗರೊಬ್ಬರ ಸಮಸ್ಯೆ ಪ್ರಕಟಿಸಿದ್ದೆವು. ಅವರು ನರ್ಸ್. ಕೀನ್ಯಾ ದೇಶದ ಕಿಸುಮು ಹತ್ತಿರ ಒಂದು ಮಿಷನ್ ಆಸ್ಪತ್ರೆಯಲ್ಲಿ ಸೇವೆಗಿದ್ದಾರೆ. ರಾಜಕೀಯ ಮಾತಾಡಬಾರದು ಎಂದು ಕಳಿಸಿದವರು ಮೊದಲೇ ಹೇಳಿದ್ದಾರೆ. ಆದರೆ ಅಲ್ಲಿಯ ಜನ ಬಿಡಬೇಕಲ್ಲ! ಆ ಭಾಗದವರ ಪ್ರೀತಿಯ ನಾಯಕ ರೈಲಾ ಒಡಿಂಗಾ ಆಯುರ್ವೇದ ಚಿಕಿತ್ಸೆಗೆಂದು ಕೇರಳಕ್ಕೆ ಬಂದವರು 2025ರ ಅಕ್ಟೋಬರ್‌ನಲ್ಲಿ ಅಲ್ಲೇ ತೀರಿಕೊಂಡರು. ‘ನಮ್ಮ ಬಾಬಾನನ್ನು ನಿಮ್ಮವರು ಸರಿಯಾಗಿ ನೋಡಿಕೊಳ್ಳಲಿಲ್ಲವಾ?’ ಎಂದು ವಾರ್ಡಿನಲ್ಲೇ ಕೇಳುತ್ತಾರಂತೆ. 2027ರ ಆಗಸ್ಟ್‌ನಲ್ಲಿ ಅಲ್ಲಿ ಚುನಾವಣೆ. ಆರಾಧನೆ ಮುಗಿಸಿ ಊಟಕ್ಕೆ ಕೂತರೆ ಅದೇ ಮಾತು. ಇನ್ನೊಂದು ದೇಶದಿಂದ ಬಂದ ಹಿರಿಯ ಮಿಷನರಿಯೊಬ್ಬರು ಭಾರತದ ಸರ್ಕಾರದ ಬಗ್ಗೆ ಕೆಣಕುತ್ತಾರೆ. ಸಾಲದ್ದಕ್ಕೆ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ತಮ್ಮ ದಿನಾ ಒಂದು ವಿಡಿಯೋ ಹಾಕುತ್ತಾನೆ. ‘ಜಗಳ ಆಡದೆ, ಸುಳ್ಳನ್ನೂ ಹೇಳದೆ ಹೇಗಿರಲಿ?’ ಎಂಬುದು ಅವರ ಪ್ರಶ್ನೆ.

ಪತ್ರಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಂದಿವೆ. ಹಗುರವಾದದ್ದರಿಂದ ಶುರು ಮಾಡೋಣ.

*

ಅಕ್ಕಾ, ನನ್ನದು ಸಲೂನ್. ಗೋಡೆ ಮೇಲೆ ‘ದಯವಿಟ್ಟು ಇಲ್ಲಿ ರಾಜಕೀಯ ಮಾತನಾಡಬೇಡಿ’ ಎಂದು ಬೋರ್ಡ್ ಇದೆ. ನಮ್ಮಪ್ಪ ಬರೆಸಿದ್ದು. ಜನ ಆ ಬೋರ್ಡ್ ಓದಿಕೊಂಡೇ ಶುರು ಮಾಡುತ್ತಾರೆ. ಎಲೆಕ್ಷನ್ ಟೈಮಲ್ಲಂತೂ ಕುರ್ಚಿಯಲ್ಲಿ ಒಂದು ಪಾರ್ಟಿ, ಬೆಂಚಿನ ಮೇಲೆ ಇನ್ನೊಂದು ಪಾರ್ಟಿ. ‘ನೀನೇನಂತೀಯಪ್ಪಾ?’ ಅನ್ನುವವರು ಇದ್ದೇ ಇರುತ್ತಾರೆ. ನಾನು ಗಿರಾಕಿಯ ಗದ್ದ ಸ್ವಲ್ಪ ಮೇಲೆತ್ತಿ, ‘ಮೀಸೆ ಸಣ್ಣ ಮಾಡ್ಲಾ, ಹಾಗೇ ಬಿಡ್ಲಾ ಸಾರ್?’ ಅನ್ನುತ್ತೇನೆ. ಕತ್ತಿ ಗಂಟಲ ಹತ್ತಿರ ಇರುವಾಗ ಯಾರೂ ಜಾಸ್ತಿ ಒತ್ತಾಯ ಮಾಡುವುದಿಲ್ಲ. ನಿಮ್ಮ ಕೈಯಲ್ಲೂ ಬಿಪಿ ಮಿಷನ್ ಇರುತ್ತಲ್ವಾ? ‘ತೋಳು ಸಡಿಲ ಬಿಡಿ, ಮಾತಾಡಿದರೆ ಬಿಪಿ ಸರಿಯಾಗಿ ಗೊತ್ತಾಗಲ್ಲ’ ಅನ್ನಿ. ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.
– ಸಲೂನ್ ಮಾಲೀಕರು, ಹಳೇ ದಾವಣಗೆರೆ

*

ಬಿಪಿ ನೋಡುವಾಗ ಮಾತಾಡಿದರೆ ಅಂಕಿ ಏರುವುದು ನಿಜವೇ. ಮುಂದಿನ ಪತ್ರದ ಧಾಟಿಯಲ್ಲಿ ಇನ್ನೂ ಕೆಲವು ಬಂದಿವೆ. ಒಂದನ್ನು ಹಾಕಿದ್ದೇವೆ.

*

ಇನ್ನೊಬ್ಬರ ದೇಶಕ್ಕೆ ಹೋಗಿ ಅವರ ದೇವರನ್ನು ಬದಲಿಸುವುದೇ ರಾಜಕೀಯ. ಅದನ್ನು ಮಾಡಿದ ಮೇಲೆ ಉಳಿದ ರಾಜಕೀಯಕ್ಕೆ ಯಾಕೆ ಹೆದರಬೇಕು?
– ಚಳ್ಳಕೆರೆ

*

ಕೀನ್ಯಾದಲ್ಲಿ ಬಹುಪಾಲು ಜನ ಈಗಾಗಲೇ ಕ್ರೈಸ್ತರು. ನಮ್ಮ ಓದುಗರು ಅಲ್ಲಿ ನೋಡಿಕೊಳ್ಳುತ್ತಿರುವುದು ಬಾಣಂತಿಯರ ವಾರ್ಡು. ಇಷ್ಟು ಹೇಳಿ ಮುಂದಕ್ಕೆ ಹೋಗುತ್ತೇವೆ.

*

ಮೇಡಂ, ನಾನು ನೈರೋಬಿಯಲ್ಲಿ ಒಂದು ಕಂಪನಿಯ ಲೆಕ್ಕ ಬರೆಯುತ್ತಿದ್ದವನು. ಕೆಲವು ವಿಷಯ ಹೇಳುತ್ತೇನೆ, ಉಪಯೋಗ ಆದೀತು. ಚುನಾವಣೆ ಹತ್ತಿರ ಬಂದಾಗ ಹಳದಿ, ಕಿತ್ತಳೆ ಬಣ್ಣದ ಬಟ್ಟೆ ಪೆಟ್ಟಿಗೆಯಲ್ಲಿಡಿ. ಹಳದಿ ಅಧ್ಯಕ್ಷ ರುಟೊ ಅವರ ಪಕ್ಷದ್ದು, ಕಿತ್ತಳೆ ಒಡಿಂಗಾ ಪಕ್ಷದ್ದು. ಪುಕ್ಕಟೆ ಟೀ ಶರ್ಟು, ಕೊಡೆ ಕೊಟ್ಟರೂ ಬೇಡಿ. ಚರ್ಚಿನ ಹರಂಬೀಗೆ, ಅಂದರೆ ಚಂದಾ ಎತ್ತುವ ಸಭೆಗೆ, ದೊಡ್ಡವರು ಕವರ್ ಹಿಡಿದು ಬರುತ್ತಾರೆ. ಫೋಟೋಕ್ಕೆ ಕರೆದರೆ ಅಡುಗೆಮನೆ ಕಡೆ ಹೋಗಿಬಿಡಿ. ಇದರಲ್ಲಿ ಅಲ್ಲಿಯ ಚರ್ಚುಗಳೇ ನಿಮಗಿಂತ ಮುಂದಿವೆ. 2021ರಲ್ಲಿ ಆಂಗ್ಲಿಕನ್ ಆರ್ಚ್‌ಬಿಷಪ್ಪರು ರಾಜಕಾರಣಿಗಳಿಗೆ ಚರ್ಚಿನ ವೇದಿಕೆ ಇಲ್ಲ ಎಂದರು. 2024ರಲ್ಲಿ ನೈರೋಬಿಯ ಕ್ಯಾಥೊಲಿಕ್ ಆರ್ಚ್‌ಬಿಷಪ್ಪರು ಅಧ್ಯಕ್ಷರು ಕೊಟ್ಟ ಹಣವನ್ನೇ ಬೇಡವೆಂದು ವಾಪಸ್ ಕಳಿಸಿದರು. ‘ನಮ್ಮ ಬಿಷಪ್ಪರು ಹೇಳಿದ್ದಾರೆ’ ಅಂದರೆ ಮಾತು ಅಲ್ಲಿಗೆ ಮುಗಿಯುತ್ತದೆ.

ಯಾರನ್ನೂ ನೀವು ಯಾವ ಜನ, ಅಂದರೆ ಯಾವ ಬುಡಕಟ್ಟು, ಎಂದು ಕೇಳಬೇಡಿ. ಇಲ್ಲಿ ಜಾತಿ ಕೇಳಿದಷ್ಟೇ ಸೂಕ್ಷ್ಮ. ಇನ್ನೊಂದು, ಮತದಾನ ಮುಗಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. 2017ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅಧ್ಯಕ್ಷರ ಚುನಾವಣೆಯನ್ನೇ ರದ್ದು ಮಾಡಿ, ಅಕ್ಟೋಬರ್‌ನಲ್ಲಿ ಮತ್ತೆ ಓಟು ನಡೆಯಿತು. ಅಕ್ಕಿ, ಬೇಳೆ, ಫೋನಿನ ಕರೆನ್ಸಿ ಎಲ್ಲ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ.
– ಹರಿಹರ

*

ಮುಂದಿನ ಪತ್ರ ಉದ್ದವಾಗಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

*

ನಾನೂ ನಮ್ಮ ಯಜಮಾನರೂ ಕೀನ್ಯಾದಲ್ಲಿದ್ದವರು. ಎಲ್ಡೊರೆಟ್ ಊರಾಚೆ ಸಭೆಯವರ ಶಾಲೆಯಲ್ಲಿ ಅವರು ಗಣಿತ ಹೇಳುತ್ತಿದ್ದರು, ನಾನು ಹೊಲಿಗೆ. ಪತ್ರಿಕೆಯಲ್ಲಿ ಆ ದೇಶದ ಹೆಸರು ಕಂಡದ್ದೇ ತಡ, ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು ಕೂತೆ.

ನಮ್ಮ ಕಾಂಪೌಂಡಿನ ಹಿಂದಿನ ಕೋಣೆಯಲ್ಲಿ ಅಡುಗೆಗೆ ಬರುತ್ತಿದ್ದ ಹೆಂಗಸು, ಅವಳ ಮೂರು ಮಕ್ಕಳು ಇದ್ದರು. ಅವರು ಕಿಕುಯು ಜನ. ಸುತ್ತಮುತ್ತ ಕಲೆಂಜಿನ್ ಜನ ಜಾಸ್ತಿ. ನಾನು ಚಪಾತಿ ಕಲಿಸಲು ಹೋದರೆ ಅವಳೇ ನನಗಿಂತ ಚೆನ್ನಾಗಿ ಲಟ್ಟಿಸಿದಳು! ಆ ದೇಶದಲ್ಲಿ ಚಪಾತಿ ಹಬ್ಬದ ಅಡುಗೆ ಎಂದು ನನಗೆ ಗೊತ್ತಿರಲಿಲ್ಲ. 2007ರ ಕ್ರಿಸ್‌ಮಸ್ಸಿಗೆ ಅವಳ ಕೈಯ ಚಪಾತಿಯನ್ನೇ ಎಲ್ಲರೂ ತಿಂದೆವು. ಅದಾಗಿ ಎರಡೇ ದಿನಕ್ಕೆ, 27ಕ್ಕೆ, ಮತದಾನ.

ಸ್ಪರ್ಧೆ ಆಗಿನ ಅಧ್ಯಕ್ಷ ಕಿಬಾಕಿಗೂ ಒಡಿಂಗಾಗೂ. ಕಿಬಾಕಿ ಕಿಕುಯು ಜನ, ಸುತ್ತಲಿನ ಕಲೆಂಜಿನ್ ಜನ ಹೆಚ್ಚಾಗಿ ಒಡಿಂಗಾ ಕಡೆ. ಎಣಿಕೆ ಎಳೆದಾಡಿತು. 30ರ ಸಂಜೆ ಕಿಬಾಕಿ ಗೆದ್ದರು ಎಂದು ಹೇಳಿ, ಕತ್ತಲಾಗುವಷ್ಟರಲ್ಲಿ ಪ್ರಮಾಣವಚನವನ್ನೂ ಮಾಡಿಸಿಬಿಟ್ಟರು. ನಮ್ಮ ಮನೆಯಲ್ಲಿ ರೇಡಿಯೊ ಸುತ್ತ ಶಾಲೆಯ ಮೇಷ್ಟ್ರುಗಳು ಕೂತಿದ್ದರು. ಒಬ್ಬರು ನಮ್ಮವರನ್ನು ಕೇಳಿದರು, ‘ನೀವು ಲೆಕ್ಕದ ಮೇಷ್ಟ್ರು. ಈ ಲೆಕ್ಕ ಸರಿ ಇದೆಯಾ?’ ನಮ್ಮವರು, ‘ಎಲ್ಲಿ ಸರಿ? ಇದು ಮೋಸ’ ಅಂದರು. ಅಷ್ಟೇ. ಬಾಗಿಲ ಹತ್ತಿರ ತಟ್ಟೆಯಲ್ಲಿ ಟೀ ಲೋಟ ಜೋಡಿಸುತ್ತಿದ್ದವಳು ಅವಳು. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಒಳಗೆ ಹೋದಳು. ಟೀ ನಾನೇ ತಂದುಕೊಟ್ಟೆ.

ಆ ಹೊತ್ತಿಗೆ ಅದು ಬರೀ ಲೆಕ್ಕದ ಮಾತಾಗಿರಲಿಲ್ಲ. ಕಿಕುಯು ಮನೆಗಳಿಗೆ ಬೆಂಕಿ ಇಡಲು ಹೊರಟವರ ಬಾಯಲ್ಲೂ ಅದೇ ಮಾತಿತ್ತು. ಮನೆಯೊಳಗೇ ಇದ್ದುಬಿಡಿ ಎಂದು ಹೇಳಲು ಬೆಳಿಗ್ಗೆ ಹಿಂದಕ್ಕೆ ಹೋದರೆ ಕೋಣೆ ಖಾಲಿ. ಮಕ್ಕಳ ಚಪ್ಪಲಿಯೂ ಇರಲಿಲ್ಲ. ಜನವರಿ 1ಕ್ಕೆ ಕಿಯಂಬಾ ಎಂಬಲ್ಲಿ ಚರ್ಚಿನೊಳಗೆ ಬಚ್ಚಿಟ್ಟುಕೊಂಡಿದ್ದ ಜನರ ಸಮೇತ ಚರ್ಚಿಗೇ ಬೆಂಕಿ ಇಟ್ಟರು. ಊರಿನ ಷೋಗ್ರೌಂಡಿನಲ್ಲಿ ನಿರಾಶ್ರಿತರ ಶಿಬಿರ ಆಯಿತು. ಅಲ್ಲಿ ಟೆಂಟಿನಿಂದ ಟೆಂಟಿಗೆ ಹುಡುಕಿದೆ. ಅವಳು ಸಿಗಲಿಲ್ಲ, ಸುದ್ದಿಯೂ ಸಿಗಲಿಲ್ಲ. ಆ ಗಲಾಟೆಯಲ್ಲಿ ದೇಶದಲ್ಲೆಲ್ಲ ಸತ್ತವರು 1,100ಕ್ಕೂ ಹೆಚ್ಚು.

‘ನಾನು ಹೇಳಿದ್ದು ನಿಜ ತಾನೇ?’ ಅನ್ನುತ್ತಿದ್ದರು ನಮ್ಮವರು, ಕೊನೆಯವರೆಗೂ. 2008ರಲ್ಲಿ ನ್ಯಾಯಮೂರ್ತಿ ಕ್ರೀಗ್ಲರ್ ಆಯೋಗ ಎಲ್ಲ ನೋಡಿ, ಲೆಕ್ಕ ಎಷ್ಟು ಕೆಟ್ಟಿದೆಯೆಂದರೆ ಯಾರು ಗೆದ್ದರೆಂದು ಹೇಳಲಿಕ್ಕೇ ಬರುವುದಿಲ್ಲ ಎಂದಿತು. ಅದನ್ನು ಓದಿ ಹೇಳಿದರೆ, ‘ನೋಡು, ಸರಿ ಇರಲಿಲ್ಲ ಅಲ್ವಾ’ ಅಂದರು. ಇರಲಿಲ್ಲ, ಒಪ್ಪಿದೆ. ಆದರೆ ಹೇಳುವಾಗ ಬಾಗಿಲ ಹತ್ತಿರ ಯಾರಿದ್ದಾರೆ ಅಂತ ನೋಡಬೇಡವೇ? ಇದೇ ವಿಷಯಕ್ಕೆ ನಮ್ಮಿಬ್ಬರ ನಡುವೆ ಎಷ್ಟೋ ಸಲ ಮಾತು ನಿಂತಿದೆ. ಈಗ ಅವರೂ ಇಲ್ಲ. ನಾನು ಇನ್ನೂ ಅವರ ಜೊತೆ ವಾದ ಮಾಡುತ್ತಲೇ ಇದ್ದೇನೆ.

ತಂಗೀ, ನಿನ್ನ ಕ್ವಾರ್ಟರ್ಸಿನ ಹಿಂದೆ ಮುಂದೆ ಯಾರ್ಯಾರು ಇದ್ದಾರೆ, ಅವರಲ್ಲಿ ಆ ಊರಿಗೆ ಹೊರಗಿನ ಜನ ಯಾರು, ಈಗಲೇ ತಿಳಿದುಕೋ. ‘ಏನಾದರೂ ಆದರೆ ಸೀದಾ ನನ್ನ ಮನೆಗೆ ಬನ್ನಿ’ ಎಂದು ಮುಂಚೆಯೇ ಬಾಯಿಬಿಟ್ಟು ಹೇಳಿಡು. ಮಿಕ್ಕಿದ್ದಕ್ಕೆಲ್ಲ ಯಾರು ಏನು ಕೇಳಿದರೂ ಟೀ ಬೇಕಾ ಅನ್ನು.
– ಹೆಸರು ಬೇಡ, ಚಿತ್ರದುರ್ಗ

*

ಹರಿಹರದವರು ಯಾವ ಜನ ಎಂದು ಕೇಳಬೇಡಿ ಅಂದಿದ್ದಾರೆ, ಇವರು ತಿಳಿದುಕೋ ಅಂದಿದ್ದಾರೆ. ಕೇಳದೆಯೂ ತಿಳಿದುಕೊಳ್ಳುವುದು ನರ್ಸುಗಳಿಗೆ ಕಷ್ಟವಾಗಲಾರದು. ಇನ್ನೊಂದು ಮಗ್ಗುಲಿನ ಪತ್ರವೂ ಇದೆ. ಸ್ಥಳ ಸಾಲದೆ ಅರ್ಧಕ್ಕೆ ಇಳಿಸಿದ್ದೇವೆ, ಬರೆದವರು ಮನ್ನಿಸಬೇಕು.

*

ನಾನು ಕ್ರೈಸ್ತನಲ್ಲ, ನಿವೃತ್ತ ಇತಿಹಾಸ ಮೇಷ್ಟ್ರು. ಮಿಷನರಿ ಸುಮ್ಮನಿರಬೇಕು ಎಂಬ ನಿಯಮ ಯಾರಿಗೆ ಅನುಕೂಲ ಅಂತ ಕೇಳಿಕೊಳ್ಳಿ. ನಮ್ಮ ದೇಶದಲ್ಲಿ ಬೇರೆ ದೇಶದ ಮಿಷನರಿಗಳಿಂದ ರಾಜಕೀಯಕ್ಕೆ ಕೈಹಾಕುವುದಿಲ್ಲ ಎಂದು ಬರೆಸಿಕೊಳ್ಳುತ್ತಿದ್ದವರು ಬ್ರಿಟಿಷರು. ಬಂಗಾಳದಲ್ಲಿ ನೀಲಿ ಬೆಳೆಸುವ ರೈತರ ಗೋಳನ್ನು ಹೇಳುವ ನಾಟಕವೊಂದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದಕ್ಕೆ ಪಾದ್ರಿ ಜೇಮ್ಸ್ ಲಾಂಗ್ 1861ರಲ್ಲಿ ಒಂದು ತಿಂಗಳು ಜೈಲಿಗೆ ಹೋದರು, ಮೇಲೆ ಸಾವಿರ ರೂಪಾಯಿ ದಂಡ. ಗಾಂಧಿಯವರ ಕಡೆ ವಾಲಿದರೆಂದು ಅಮೆರಿಕದ ರಾಲ್ಫ್ ಕೈಥಾನ್ ಅವರನ್ನು 1930ರಲ್ಲಿ ಒಮ್ಮೆ, 1944ರಲ್ಲಿ ಇನ್ನೊಮ್ಮೆ ದೇಶ ಬಿಡಿಸಿದರು. ಸುಮ್ಮನಿದ್ದವರಿಗಾದರೂ ಏನು ಸಿಕ್ಕಿತು? ಬಾಸೆಲ್ ಮಿಷನ್‌ನವರು ಹೆಂಚು ಸುಟ್ಟುಕೊಂಡು, ಬಟ್ಟೆ ನೇಯ್ದುಕೊಂಡು ಇದ್ದರು. 1914ರಲ್ಲಿ ಯುದ್ಧ ಬಂದಾಗ ಜರ್ಮನ್ನರೆಂದು ಅವರನ್ನೂ ಹಿಡಿದಿಟ್ಟರು. ಕಾರ್ಖಾನೆಗಳೂ ಕೈತಪ್ಪಿದವು. ಆದ್ದರಿಂದ ಅನ್ಯಾಯ ಕಂಡರೆ ಹೇಳಿಬಿಡಿ.
– ಹೊಳಲ್ಕೆರೆ

*

ಲಾಂಗ್, ಕೈಥಾನ್ ಇಬ್ಬರೂ ಆಡಿದ ಮಾತಿಗೆ ತಾವೇ ಬೆಲೆ ತೆತ್ತರು ಎಂಬುದನ್ನು ಮಾತ್ರ ಸೇರಿಸುತ್ತೇವೆ. ಕೆಣಕುವ ಹಿರಿಯರ ಬಗ್ಗೆ ನಿವೃತ್ತ ಸಭಾಪಾಲಕರೊಬ್ಬರು ಬರೆದಿದ್ದಾರೆ.

*

ಮತ್ತಾಯ 22 ಮತ್ತೆ ಓದಮ್ಮ. ತೆರಿಗೆ ಕೊಡಬಹುದೋ ಬಾರದೋ ಎಂದು ಕೇಳಿದವರಿಗೆ ಉತ್ತರ ಬೇಕಿರಲಿಲ್ಲ, ಸಿಕ್ಕಿಸಬೇಕಿತ್ತು. ಸ್ವಾಮಿ ಮೊದಲು ನಾಣ್ಯ ತೋರಿಸಿ ಅಂದನು. ನಾಣ್ಯ ಬಂದದ್ದು ಅವರ ಕೈಯಿಂದಲೇ. ಆ ಹಿರಿಯರನ್ನೂ ನಿಮ್ಮ ದೇಶದಲ್ಲಿ ಹೇಗಿದೆ ಅಂತ ಕೇಳು. ಅವರು ಮಾತಾಡುತ್ತಿರಲಿ, ನೀನು ಊಟ ಮುಗಿಸು.
– ದಾವಣಗೆರೆ

*

ಕೊನೆಯದು ನಮ್ಮ ಕಚೇರಿಯ ವಾಟ್ಸಾಪಿಗೆ ರಾತ್ರಿ ಹೊತ್ತು ಬಂದದ್ದು.

*

ಸರ್, ಆ ಸಮಸ್ಯೆ ಬರೆದಿದ್ದು ನಮ್ಮ ಅಕ್ಕ ಇರಬೇಕು ಅಂತ ಅನುಮಾನ. ಕಿಸುಮುವಿನಲ್ಲಿ ದಾವಣಗೆರೆಯ ನರ್ಸ್ ಎಷ್ಟು ಜನ ಇರ್ತಾರೆ? ದಿನಾ ಒಂದು ವಿಡಿಯೋ ಅಂತ ಬರೆದಿದ್ದು ಜಾಸ್ತಿ ಆಯ್ತು. ಭಾನುವಾರ ಹಾಕಲ್ಲ. ಅವಳೇ ಆಗಿದ್ದರೆ ಹೇಳಿ, ಗ್ರೂಪಲ್ಲಿ ಬೇಡ, ರಜಕ್ಕೆ ಬಂದಾಗ ಎದುರಿಗೇ ವಾದ ಮಾಡೋಣ, ಮಂಡಕ್ಕಿ ಮೆಣಸಿನಕಾಯಿ ಖರ್ಚು ನಂದು.

*

ಅವರು ಇವರ ಅಕ್ಕ ಹೌದೋ ಅಲ್ಲವೋ ಹೇಳಲಾರೆವು. ಹೆಸರು ಗುಟ್ಟಾಗಿಡುವುದಾಗಿ ಮಾತು ಕೊಟ್ಟಿದ್ದೇವೆ. ಪತ್ರಗಳನ್ನೆಲ್ಲ, ಅಚ್ಚಾಗದವನ್ನೂ ಸೇರಿಸಿ, ಕಿಸುಮುವಿಗೆ ಕಳಿಸಿದ್ದೇವೆ.